ಮಾಸ್ಟರ್ ಹಲ್ಲು, ನನ್ನ ಮೌತ್‌ಪೀಸು

ಮದುವೆ ಬ್ಯಾಂಡಿನಲ್ಲಿ ಊದುವವನಿಗೆ ನಗುವಂಥ ಪ್ರಸಂಗಗಳಿಗೇನೂ ಬರವಿಲ್ಲ. ತೊಂದರೆ ಏನೆಂದರೆ, ಅವು ನಡೆಯುವ ಹೊತ್ತಿನಲ್ಲಿ ತುಟಿ ಟ್ರಂಪೆಟ್ಟಿಗೆ ಒತ್ತಿಕೊಂಡಿರುತ್ತದೆ, ನಗಲು ಆಗುವುದಿಲ್ಲ. ಅದಕ್ಕೇ ನಾವು ಎಲ್ಲವನ್ನೂ ಕೂಡಿಟ್ಟುಕೊಂಡು ಆಮೇಲೆ ನಗುತ್ತೇವೆ.

ನಮ್ಮದು ಆರ್.ಟಿ. ನಗರದ ಒಂದು ಬ್ಯಾಂಡ್ ಸೆಟ್. ಪಂಕ್ಚರ್ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ ನಮ್ಮ ರೂಮು. ಗೋಡೆ ತುಂಬ ಮೊಳೆ ಹೊಡೆದು ಬಾಜಾಗಳನ್ನು ನೇತುಹಾಕಿದ್ದೇವೆ. ಮದುವೆ ಇಲ್ಲದ ದಿನ ನಾನು ಗಂಗಾನಗರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವೈರು, ಸ್ವಿಚ್ಚು ಮಾರುತ್ತೇನೆ. ಮದುವೆ ಇದ್ದ ದಿನ ಕೆಂಪು ಕೋಟು ತೊಟ್ಟು ಎರಡನೇ ಟ್ರಂಪೆಟ್ ಊದುತ್ತೇನೆ. ಮೊದಲನೇ ಟ್ರಂಪೆಟ್ ನಮ್ಮ ಮಾಸ್ಟರದು. ಅವರ ಪಕ್ಕದಲ್ಲಿ ನಿಂತು ಊದುವುದು ಎಂದರೆ ದೊಡ್ಡ ಮರದ ನೆರಳಿನಲ್ಲಿ ಕೂತ ಹಾಗೆ, ನಮ್ಮ ತಪ್ಪುಗಳೆಲ್ಲ ಅವರ ಸ್ವರದ ಕೆಳಗೆ ಮುಚ್ಚಿಹೋಗುತ್ತವೆ. ನನಗೆ ಆ ಜಾಗ ಬಹಳ ಇಷ್ಟ. ಮೊದಲನೇ ಜಾಗಕ್ಕೆ ಹೋಗುವ ಆಸೆ ನನಗೆ ಯಾವತ್ತೂ ಇರಲಿಲ್ಲ.

ಟ್ರಂಪೆಟ್ ಕಂಡರೆ ಜನ ಕೇಳುವುದು ಒಂದೇ ಮಾತು: "ಶ್ವಾಸಕೋಶ ತುಂಬಾ ಗಟ್ಟಿ ಇರ್ಬೇಕು ಅಲ್ವಾ?" ಶ್ವಾಸಕೋಶ ಎಲ್ಲರಿಗೂ ಇದೆ ಸ್ವಾಮಿ. ಮೆರವಣಿಗೆಯಲ್ಲಿ ಮೊದಲು ಕೈಕೊಡುವುದು ತುಟಿ. ತುಟಿಗೆ ತಾಗುವ ಆ ಚಿಕ್ಕ ಬಟ್ಟಲಿನಂಥ ಮೌತ್‌ಪೀಸು, ಭುಜದ ಮೇಲೆ ಕೂರುವ ಭಾರ, ಕತ್ತು ಹಿಡಿಯುವ ಕಾಲರು, ಇವು ಸರಿ ಇದ್ದರೆ ಮನುಷ್ಯ ಎಷ್ಟು ದೂರ ಬೇಕಾದರೂ ಊದುತ್ತಾನೆ. ಸರಿ ಇಲ್ಲದಿದ್ದರೆ ಮೂರನೇ ಹಾಡಿಗೆ ಮುಗಿಯಿತು ಕಥೆ. ಈ ಸಲದ ಮದುವೆ ಸೀಸನ್ನಿನಲ್ಲಿ ಇನ್ನೊಂದು ಸಾಮಾನು ಸೇರಿಕೊಂಡಿತು. ಮಾಸ್ಟರ ಮೇಲಿನ ಸಾಲಿನ ಮುಂದಿನ ಹಲ್ಲು ಅಲ್ಲಾಡತೊಡಗಿತ್ತು. ಸೀಸನ್ನಿನ ಕೊನೆಗೆ ಅವರ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳ ಮದುವೆ. "ಊರವರ ಮಕ್ಕಳನ್ನೆಲ್ಲ ಊದಿ ಊದಿ ಛತ್ರ ಸೇರ್ಸಿದೀನಿ. ನನ್ನ ಮಗಳ ಮದ್ವೇಲಿ ಬೇರೆಯವನು ಊದೋದಾ?" ಎಂದು ಮಾಸ್ಟರು ಮನೆಯಲ್ಲೂ ರೂಮಿನಲ್ಲೂ ಸಾರಿಬಿಟ್ಟಿದ್ದರು.

ಚಿನ್ನದ ಬಣ್ಣದ ಮೌತ್‌ಪೀಸು

ಮೊದಲು ನನ್ನ ಸಂಗತಿ. ಫೋನಿನಲ್ಲಿ ಯಾವುದೋ ದೇಶದವನೊಬ್ಬ ಟ್ರಂಪೆಟ್ ಊದುವ ವಿಡಿಯೋ ನೋಡಿದೆ. ಅವನು ಊದಿದ್ದಕ್ಕಿಂತ ಹೆಚ್ಚಾಗಿ ಅವನ ಮೌತ್‌ಪೀಸು ಹೊಳೆದದ್ದು ನನ್ನ ಕಣ್ಣಿಗೆ ಬಿತ್ತು. ಆನ್‌ಲೈನಿನಲ್ಲಿ ತರಿಸಿದೆ. ಚಿನ್ನದ ಬಣ್ಣ, ಅಗಲ ಬಾಯಿ, ದಪ್ಪ ಅಂಚು. ಡಬ್ಬಿಯೊಳಗೆ ನೀಲಿ ಮಖಮಲ್ಲಿನ ಹಾಸಿಗೆ ಮೇಲೆ ಮಲಗಿತ್ತು. ನಮ್ಮ ಮನೆಯಲ್ಲಿ ಆ ಥರ ಮಲಗುವವರು ಯಾರೂ ಇಲ್ಲ.

ಮಾಸ್ಟರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಅವರದು ಗುರುಗಳಿಂದ ಬಂದ ಹಳೇ ಮೌತ್‌ಪೀಸು. ಮೇಲಿನ ಬೆಳ್ಳಿ ಬಣ್ಣ ಹೋಗಿ, ತೆಳ್ಳನೆಯ ಅಂಚು ಸವೆದು ಅವರ ತುಟಿಯ ಆಕಾರಕ್ಕೇ ಬಂದಿದೆ. ಕರ್ಚೀಫಿನಲ್ಲಿ ಸುತ್ತಿ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ತುಟಿಗೆ ತಣ್ಣಗೆ ತಾಗಬಾರದು ಎಂದು.

"ಚೆನ್ನಾಗೈತೆ ಮಗಾ. ಇದ್ರಲ್ಲಿ ಊದ್ತೀಯೋ, ಪಾಯಸ ಕುಡೀತೀಯೋ?" ಎಂದರು.

ತಣಿಸಂದ್ರದಲ್ಲಿ ಒಂದು ಅಪಾರ್ಟ್‌ಮೆಂಟಿನ ಮದುವೆ ಮೆರವಣಿಗೆ. ಮೊದಲ ಹಾಡಿನಲ್ಲಿ ನಾನು ಸಿಂಹ. ಎರಡನೆಯದರಲ್ಲಿ ತುಟಿ ಜುಮ್ಮೆನ್ನತೊಡಗಿತು. ಅಷ್ಟು ಅಗಲದ ಬಾಯಿ ತುಂಬಿಸಲು ನನ್ನ ತುಟಿಗೆ ಅಭ್ಯಾಸವೇ ಇಲ್ಲ. ಮೂರನೆಯದರಲ್ಲಿ ತುಟಿ ನನ್ನದೋ ಪಕ್ಕದವನದೋ ತಿಳಿಯದಾಯಿತು. ಊದಿದರೆ ಸೈಕಲ್ ಟ್ಯೂಬಿನಂತೆ ಪುಸ್ಸೆಂದು ಗಾಳಿ ಮಾತ್ರ ಬರುತ್ತಿತ್ತು. ನಿಲ್ಲಿಸಿದರೆ ಮರ್ಯಾದೆ ಹೋಗುತ್ತದೆ. ಅದಕ್ಕೆ ಕೆನ್ನೆ ಉಬ್ಬಿಸಿ, ಹುಬ್ಬು ಗಂಟಿಕ್ಕಿ, ಬೆರಳುಗಳನ್ನು ಮಾತ್ರ ಆಡಿಸುತ್ತ ನಡೆದೆ. ಕೆನ್ನೆ ಉಬ್ಬಿಸಿದ್ದಕ್ಕೆ ಬೆವರು ಧಾರಾಕಾರ.

ಗಂಡಿನ ಸೋದರಮಾವ ಕುಣಿಯುತ್ತ ಬಂದವರು ನನ್ನ ಮುಂದೆ ನಿಂತೇಬಿಟ್ಟರು. ನನ್ನ ಅವಸ್ಥೆ ನೋಡಿ ಅವರ ಕಣ್ಣು ತುಂಬಿತು. "ಏನ್ ಊದ್ತೀಯ ಗುರು! ಜೀವ ಬಿಟ್ಟು ಊದ್ತಿದೀಯ!" ಎಂದು ನನ್ನ ಕೋಟಿಗೆ ಒಂದು ನೋಟು ಸಿಕ್ಕಿಸಿ, ಅಪ್ಪಿಕೊಂಡು ಹೋದರು. ಪಕ್ಕದಲ್ಲಿ ಇಬ್ಬರ ಪಾಲನ್ನೂ ಒಬ್ಬರೇ ಊದುತ್ತಿದ್ದ ಮಾಸ್ಟರ ಕಡೆ ತಿರುಗಿಯೂ ನೋಡಲಿಲ್ಲ.

ಹಾಡು ಮುಗಿದ ಮೇಲೆ ನಾಚಿಕೆಯಿಂದ ನೋಟನ್ನು ಮಾಸ್ಟರ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

"ಇಟ್ಕೋ ಮಗಾ. ನಾನು ಊದ್ದೆ ಅಷ್ಟೇ. ನಟನೆ ಮಾಡಿದ್ದು ನೀನು."

ಗಾಳಿ ಬೀಸಿದ ಕಡೆ

ನಮ್ಮ ಸೆಟ್ಟಿನಲ್ಲಿ ಮೈಗೆ ಸುತ್ತಿಕೊಳ್ಳುವ ದೊಡ್ಡ ಬಾಜಾ ಒಂದಿದೆ. ತಲೆಯ ಮೇಲೆ ಅಗಲವಾದ ಬಾಯಿ ತೆರೆದುಕೊಂಡು ಬಂ ಬಂ ಎನ್ನುತ್ತದಲ್ಲ, ಅದೇ. ಅದನ್ನು ಹೊರುವವನು ನೋಡಲು ಪೈಲ್ವಾನ್, ಬಾಯಿ ಬಿಟ್ಟರೆ ಮಗು. ಹಿತ್ತಾಳೆಯ ಭಾರಕ್ಕೆ ಅವನ ಎಡಭುಜ ತಗ್ಗಾಗಿ, ಬಾಜಾ ಇಲ್ಲದಾಗಲೂ ಒಂದು ಕಡೆ ವಾಲಿಕೊಂಡು ನಡೆಯುತ್ತಾನೆ. ಅದಕ್ಕೆ ಸ್ಕೂಟರಿನ ಹಳೇ ಸೀಟು ಕೊಯ್ದು ಭುಜಕ್ಕೆ ಮೆತ್ತೆ ಮಾಡಿಕೊಂಡಿದ್ದ. ಮೆತ್ತೆಯ ಮೇಲೆ ಕಂಪನಿ ಹೆಸರು ಹಾಗೇ ಉಳಿದಿತ್ತು. ಹಿಂದಿನಿಂದ ನೋಡಿದವರಿಗೆ ಇವನನ್ನು ಕಿಕ್ ಹೊಡೆದು ಸ್ಟಾರ್ಟ್ ಮಾಡಬೇಕೇನೋ ಅನ್ನಿಸುತ್ತಿತ್ತು.

ಅವನ ನೋವು ನೋಡಲಾರದೆ ಎಲ್ಲರೂ ಸೇರಿ ಫೈಬರಿನ ಬಾಜಾ ತರಿಸಿದೆವು. ಬಿಳಿ ಬಣ್ಣ, ಹತ್ತಿಯಷ್ಟು ಹಗುರ. ಪೈಲ್ವಾನ್ ಅದನ್ನು ಹಾಕಿಕೊಂಡು ರೂಮಿನ ಮುಂದೆ ಕುಣಿದ. "ಇಷ್ಟು ದಿನ ಯಾಕ್ರೋ ನನ್ನ ಸಾಯ್ಸಿದ್ರಿ?" ಎಂದ.

ಹೆಬ್ಬಾಳ ಕೆರೆ ಪಕ್ಕದ ರಸ್ತೆಯಲ್ಲಿ ಒಂದು ಸಂಜೆ ಮೆರವಣಿಗೆ. ಅಲ್ಲಿ ಎರಡು ಛತ್ರಗಳು ಅಕ್ಕಪಕ್ಕದ ಅಡ್ಡರಸ್ತೆಯಲ್ಲಿವೆ. ನಾವು ಮುಂದೆ, ನಮ್ಮ ಹಿಂದೆ ಗಂಡಿನ ಜೀಪು. ಜೀಪಿನ ಹಿಂದೆ ಬರುವ ನೆಂಟರಿಗೂ ಸದ್ದು ಕೇಳಲಿ ಎಂದು ಪೈಲ್ವಾನನೂ ಡ್ರಮ್ಮಿನವನೂ ಅವರ ಜೊತೆ ನಡೆಯುತ್ತಿದ್ದರು. ಕೆರೆ ಕಡೆಯಿಂದ ಗಾಳಿ ಬೀಸಿತು ನೋಡಿ. ಹಿತ್ತಾಳೆಯಾಗಿದ್ದರೆ ಕದಲುತ್ತಿರಲಿಲ್ಲ. ಫೈಬರು ಕೊಡೆಯಂತೆ ಗಾಳಿ ಹಿಡಿದು ಪೈಲ್ವಾನನನ್ನು ಗರಕ್ಕನೆ ಎಡಕ್ಕೆ ತಿರುಗಿಸಿತು. ಅವನು ಸಾವರಿಸಿಕೊಳ್ಳಲು ಆ ಕಡೆಗೇ ಹೆಜ್ಜೆ ಹಾಕಿದ. ಆದರೆ ಊದುವುದನ್ನು ನಿಲ್ಲಿಸಲಿಲ್ಲ, ಅಷ್ಟು ನಿಯತ್ತು. ಬಂ ಬಂ ಹೋದ ಕಡೆ ಡ್ರಮ್ಮು ಹೋಯಿತು. ಡ್ರಮ್ಮು ಹೋದ ಕಡೆ ಕುಣಿಯುವವರು ಹೋದರು. ಕುಣಿಯುವವರ ಹಿಂದೆ ರೇಷ್ಮೆ ಸೀರೆಯವರೆಲ್ಲ ಹೋದರು.

ನಾವು ಸರಿಯಾದ ಛತ್ರ ತಲುಪಿ ಹಿಂದೆ ನೋಡಿದರೆ ಜೀಪೂ, ಗಂಡೂ, ಡ್ರೈವರೂ ಬಿಟ್ಟರೆ ಯಾರೂ ಇಲ್ಲ! ಹುಡುಕಿಕೊಂಡು ಹೋದೆವು. ಪಕ್ಕದ ಛತ್ರದಲ್ಲಿ ನಮ್ಮ ನೆಂಟರನ್ನೆಲ್ಲ ಆರತಿ ಎತ್ತಿ ಒಳಗೆ ಕರೆದು, ಬಾದಾಮಿ ಹಾಲು ಕೊಟ್ಟು ಕೂರಿಸಿದ್ದರು. ಗಂಡಿನ ಅಜ್ಜಿ ಲೋಟ ಹಿಡಿದು ಬಹಳ ಸಂತೋಷವಾಗಿದ್ದರು. ಕರೆದರೆ ಏಳಲೊಲ್ಲರು.

"ಆಮೇಲೆ ಹೋಗ್ಬೋದು ಬಿಡಪ್ಪ. ಇವ್ರು ತುಂಬ ಒಳ್ಳೆಯ ಬೀಗರು," ಎಂದರು.

ಊದುವಾಗಿನ ಅಳತೆ

ಹೊಸ ಕೋಟು ಹೊಲಿಸಲು ಆರ್.ಟಿ. ನಗರದ ಟೈಲರ್ ಸಾಹೇಬರ ಅಂಗಡಿಗೆ ಹೋದೆವು. ಕತ್ತು ಮುಚ್ಚುವ ಕಾಲರು, ಕೊಕ್ಕೆ, ಚಿನ್ನದ ಗೋಟು ಎಲ್ಲ ಇರುವ ಡಿಸೈನು. ನಾನು ನೆಟ್ಟಗೆ ನಿಂತು ಕತ್ತಿನ ಅಳತೆ ಕೊಟ್ಟೆ. ಮಾಸ್ಟರ ಸರದಿ ಬಂದಾಗ ಅವರು ಟ್ರಂಪೆಟ್ ತೆಗೆದರು.

"ಅರೇ ಮಾಸ್ಟರ್, ಯೇ ಕ್ಯಾ? ಅಳತೆ ತಗೋಬೇಕು, ಹಾಡು ಆಮೇಲೆ ಕೇಳ್ತೀನಿ," ಎಂದರು ಸಾಹೇಬರು.

"ಸುಮ್ನೆ ನಿಂತಾಗ ನನಗೆ ಕೋಟು ಯಾಕೆ ಸಾಹೇಬ್ರೆ? ಊದೋವಾಗ ಕತ್ತು ಎಷ್ಟಾಗುತ್ತೋ ಅಷ್ಟು ಬರ್ಕೊಳ್ಳಿ," ಎಂದು ಮಾಸ್ಟರು ಮೇಲಿನ ಸ್ವರ ಹಿಡಿದರು.

ಆ ಪುಟ್ಟ ಅಂಗಡಿಯೊಳಗೆ ಸಾಹೇಬರು ಒಂದು ಕೈಯಲ್ಲಿ ಟೇಪು, ಇನ್ನೊಂದು ಕೈ ಕಿವಿಯ ಮೇಲೆ ಇಟ್ಟುಕೊಂಡು ಕುಸ್ತಿ ಮಾಡಿದರು. ಹೊರಗೆ ಜನ ಸೇರಿದರು. ಯಾರೋ ಒಬ್ಬರು "ಅಂಗಡಿ ಓಪನಿಂಗಾ? ಸ್ವೀಟ್ ಎಲ್ಲಿ?" ಎಂದು ಕೇಳಿಯೂ ಬಿಟ್ಟರು. ನಾನು ಮಾಸ್ಟರನ್ನು ನೋಡಿ ಮುಸಿಮುಸಿ ನಕ್ಕೆ.

ಆ ನಗುವಿನ ಬೆಲೆ ಮುಂದಿನ ಮದುವೆಯಲ್ಲಿ ತಿಳಿಯಿತು. ಛತ್ರದ ಬಾಗಿಲಲ್ಲಿ ಫೋಟೋಗ್ರಾಫರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಜೋರಾಗಿ ಊದಿ ಸಾರ್, ಆ್ಯಕ್ಷನ್ ಬೇಕು," ಎಂದ. ಊದಿದೆವು. ಮಾಸ್ಟರ ಕಾಲರು ಅವರ ಕತ್ತಿನ ಜೊತೆ ಉಬ್ಬಿ, ಕತ್ತಿನ ಜೊತೆ ಇಳಿಯಿತು. ನನ್ನ ಕಾಲರಿನ ಕೊಕ್ಕೆ ಟಪ್ಪೆಂದು ಕಿತ್ತು ಹಾರಿ ಫೋಟೋಗ್ರಾಫರನ ಹಣೆಗೆ ಬಡಿಯಿತು. ಅವನು ಹಣೆ ಉಜ್ಜಿಕೊಂಡು ಕ್ಯಾಮೆರಾದೊಳಗೆ ನೋಡಿ, "ಸೂಪರ್ ಬಂದಿದೆ ಸಾರ್. ಇನ್ನೊಂದು ಕೊಕ್ಕೆ ಇದ್ಯಾ?" ಎಂದ.

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ

ಇಷ್ಟರಲ್ಲಿ ಮಾಸ್ಟರ ಹಲ್ಲು ನಾಲಿಗೆ ತಗುಲಿದರೂ ಅಲ್ಲಾಡುವಷ್ಟಾಗಿತ್ತು. ಟ್ರಂಪೆಟ್ಟಿನ ಅಷ್ಟೂ ಒತ್ತಡವನ್ನು ತುಟಿಯ ಹಿಂದೆ ನಿಂತು ತಡೆಯುವುದು ಮುಂದಿನ ಹಲ್ಲುಗಳೇ. ಗೋಡೆ ಅಲ್ಲಾಡಿದರೆ ಅದಕ್ಕೆ ಒರಗಿದವನ ಗತಿ? ಮಾಸ್ಟರು ಎತ್ತರದ ಸ್ವರಗಳನ್ನು ಮೆಲ್ಲಗೆ ತಪ್ಪಿಸತೊಡಗಿದರು. ಕೇಳುವವರಿಗೆ ಗೊತ್ತಾಗಲಿಲ್ಲ, ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು. ನನಗೆ ನಿಜವಾಗಿ ಭಯವಾಯಿತು. ಬಲವಂತವಾಗಿ ಗಂಗಾನಗರದ ಹಲ್ಲಿನ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಸಹಾಯಕಿಯ ಜೊತೆ ಉರ್ದುವಿನಲ್ಲಿ ಮೆಲ್ಲಗೆ, ನಮ್ಮ ಜೊತೆ ಕನ್ನಡದಲ್ಲಿ ಇನ್ನೂ ಮೆಲ್ಲಗೆ ಮಾತಾಡುತ್ತಿದ್ದರು. ನೋಡಿ, "ಇದು ಉಳಿಯಲ್ಲ ಅಂಕಲ್. ತೆಗೆದುಬಿಡೋಣ," ಎಂದರು.

"ಮಗಳ ಮದ್ವೆ ಆಗೋವರ್ಗೂ ನಿಲ್ಸಿಕೊಡಿ ತಾಯಿ. ಆಮೇಲೆ ನೀವೇ ಇಟ್ಕೊಳ್ಳಿ," ಎಂದರು ಮಾಸ್ಟರು.

"ಹಾಗಾದ್ರೆ ಅಲ್ಲೀವರೆಗೂ ಊದಬಾರದು."

"ಊದೋ ಹಾಗಿಲ್ಲ ಅಂದ್ರೆ ಹಲ್ಲು ಯಾಕಮ್ಮ ಬೇಕು ನನಗೆ? ಮುದ್ದೆ ನುಂಗೋಕೆ ಹಲ್ಲು ಬೇಕಾ?"

ಡಾಕ್ಟರಮ್ಮ ನಕ್ಕುಬಿಟ್ಟರು. ಸುಮ್ಮನೆ ಬೈದು ಕಳಿಸಬಹುದಿತ್ತು. ಕಳಿಸಲಿಲ್ಲ. "ಎಲ್ಲಿ ಒತ್ತುತ್ತೆ ನೋಡ್ಬೇಕು, ಊದಿ ತೋರ್ಸಿ," ಎಂದರು. ಮಾಸ್ಟರು ಆ ಒರಗು ಕುರ್ಚಿಯಲ್ಲಿ ಮಲಗಿದ ಹಾಗೇ, ಎದೆಗೆ ಕಾಗದದ ಬಟ್ಟೆ ಕಟ್ಟಿಕೊಂಡು, ಮೇಲಿನ ದೀಪದ ಕಡೆ ಟ್ರಂಪೆಟ್ ಎತ್ತಿ ಊದಿದರು. ಮಲಗಿ ಊದಿ ಅಭ್ಯಾಸವಿಲ್ಲದ್ದರಿಂದ ಸ್ವರ ಒಡೆದು, ಯಾರೋ ಸಂಕಟದಲ್ಲಿ ಕಿರುಚಿದ ಹಾಗೆ ಹೊರಟಿತು. ಡಾಕ್ಟರಮ್ಮ ತುಟಿಯ ಅಂಚಿಗೆ ಪುಟ್ಟ ಕನ್ನಡಿ ಹಿಡಿದು, "ಇನ್ನೊಂದ್ಸಲ. ಇನ್ನೂ ಸ್ವಲ್ಪ ಜೋರಾಗಿ," ಎನ್ನುತ್ತಿದ್ದರು.

ಪರೀಕ್ಷೆ ಮುಗಿಯಿತು. ಅಲ್ಲಾಡುವ ಹಲ್ಲನ್ನು ಪಕ್ಕದ ಹಲ್ಲುಗಳ ಜೊತೆ ಸೇರಿಸಿ ಹಿಂದಿನಿಂದ ಸಣ್ಣ ತಂತಿ ಕೂರಿಸಿ ಅಂಟಿಸಿದರು. ಆಮೇಲೆ ಮಾಸ್ಟರ ಹಳೇ ಮೌತ್‌ಪೀಸನ್ನು ನೋಡಿ, "ಇದರ ಅಂಚು ಚಾಕು ಥರ ಇದೆ. ಒತ್ತಡವೆಲ್ಲ ಒಂದೇ ಹಲ್ಲಿಗೆ ಬೀಳ್ತಿದೆ. ಅಗಲ ಬಾಯಿದು, ದಪ್ಪ ಅಂಚಿಂದು ಯಾವುದಾದ್ರೂ ಸಿಗಲ್ವಾ?" ಎಂದು ಕೇಳಿದರು. ಮಾಸ್ಟರು ನನ್ನ ಕಡೆ ನೋಡಿದರು. ನಾನು ಚಾವಣಿ ನೋಡಿದೆ.

ಹೊರಗೆ ಬಂದರೆ, ಹೋಗುವಾಗ ತುಂಬಿ ತುಳುಕುತ್ತಿದ್ದ ಕಾಯುವ ರೂಮಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸಹಾಯಕಿ ಖಾಲಿ ಕುರ್ಚಿಗಳ ಮಧ್ಯೆ ನಿಂತು, "ಮೇಡಂ, ಎಲ್ಲರಿಗೂ ನೋವು ವಾಸಿಯಾಯ್ತಂತೆ," ಎಂದಳು.

ಕೆರೆ ಏರಿಯ ಮೇಲೆ

ಒಂದು ಜೀವಮಾನ ಒಂದೇ ಮೌತ್‌ಪೀಸಿನಲ್ಲಿ ಊದಿದವರು ಇನ್ನೊಂದಕ್ಕೆ ಹೋಗುವುದೆಂದರೆ, ಬಲಗೈಯಲ್ಲಿ ಉಣ್ಣುವವರಿಗೆ ಎಡಗೈಯಲ್ಲಿ ಸಾರನ್ನ ಕಲಸು ಅಂದ ಹಾಗೆ. ಪಾಯಸ ಕುಡಿಯುವ ಬಟ್ಟಲು ಎಂದು ತಾವೇ ನಗೆಯಾಡಿದ್ದ ನನ್ನ ಮೌತ್‌ಪೀಸನ್ನು ಮಾಸ್ಟರು ಎರಡೂ ಕೈಯಲ್ಲಿ ಕೇಳಿ ಪಡೆದರು. ನನ್ನ ಬಾಯಿ ಖಾಲಿ ಇರಬಾರದೆಂದು ತಮ್ಮ ಹಳೆಯದನ್ನು ಕರ್ಚೀಫಿನ ಸಮೇತ ನನಗೆ ಕೊಟ್ಟರು. ಗುರುಗಳಿಂದ ಗುರುಗಳಿಗೆ ಬಂದ ವಸ್ತು. ನಮ್ಮ ಕಸುಬಿನಲ್ಲಿ ಒಂದು ನಂಬಿಕೆ ಇದೆ, ದೊಡ್ಡವರ ಮೌತ್‌ಪೀಸಿನಲ್ಲಿ ಅವರ ಉಸಿರು ಉಳಿದಿರುತ್ತದೆ ಎಂದು. ನಾನು ಕಣ್ಣಿಗೊತ್ತಿಕೊಂಡು ಇಟ್ಟುಕೊಂಡೆ. ಊದಿ ನೋಡಿದಾಗ ಆ ತೆಳ್ಳನೆ ಅಂಚು ತುಟಿ ಕಚ್ಚಿತು ನಿಜ. ಭಕ್ತಿಯಲ್ಲಿ ಅದೆಲ್ಲ ಲೆಕ್ಕಕ್ಕೆ ಬರುತ್ತದೆಯೇ?

ಮಾಸ್ಟರು ಅಭ್ಯಾಸಕ್ಕೆ ದಿನಾ ಬೆಳಿಗ್ಗೆ ಹೆಬ್ಬಾಳ ಕೆರೆ ಏರಿಗೆ ಹೋಗತೊಡಗಿದರು. ಮನೆಯಲ್ಲಿ ಊದಿದರೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಿದ್ದರು. ಒಂದೇ ಸ್ವರ, ಉದ್ದಕ್ಕೆ, ತುಟಿಗೆ ಒತ್ತದೆ. ಇಡೀ ಉತ್ತರ ಬೆಂಗಳೂರಿನ ಮದುವೆಗಳನ್ನು ಕುಣಿಸಿದ ಮನುಷ್ಯ ಹೊಸದಾಗಿ ಅಆಇಈ ಬರೆಯುವ ಮಗುವಿನಂತೆ ನಿಂತಿದ್ದರು. ಸ್ವರ ಒಮ್ಮೆ ಎಮ್ಮೆಯಾಗುತ್ತಿತ್ತು, ಒಮ್ಮೆ ಹಾರ್ನು ಕೆಟ್ಟ ಲಾರಿಯಾಗುತ್ತಿತ್ತು. ನೋಡಲಾರದೆ ನಾನು ಕೆರೆ ಕಡೆ ತಿರುಗಿ ನಿಲ್ಲುತ್ತಿದ್ದೆ. ಅವರಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಅದೇ ಜಾಗದಲ್ಲಿ ನಗೆ ಕ್ಲಬ್ಬೊಂದು ಸೇರುತ್ತದೆ. ನಿವೃತ್ತರಾದವರು ವೃತ್ತಾಕಾರವಾಗಿ ನಿಂತು, ಕೈ ಮೇಲೆತ್ತಿ, ಆರೋಗ್ಯಕ್ಕೋಸ್ಕರ ಹಾ ಹಾ ಹಾ ಎನ್ನುತ್ತಾರೆ. ಮುಖದಲ್ಲಿ ಮಾತ್ರ ಕರೆಂಟ್ ಬಿಲ್ ನೋಡಿದ ಭಾವ. ಒಂದು ದಿನ ಅವರು ಕೈ ಎತ್ತಿ ಮೂಗಿನಿಂದ ಉಸಿರೆಳೆದುಕೊಂಡು ಸಿದ್ಧರಾಗಿದ್ದಾರೆ, ಅದೇ ಕ್ಷಣಕ್ಕೆ ಮಾಸ್ಟರ ಟ್ರಂಪೆಟ್ಟು "ಪರ್ರ್..." ಎಂದು ದೀರ್ಘವಾಗಿ ಅಪಸ್ವರ ಬಿಟ್ಟಿತು. ಒಬ್ಬ ಅಜ್ಜಿ ಪಕ್ಕದ ಯಜಮಾನರನ್ನು ಅನುಮಾನದಿಂದ ನೋಡಿದರು. ಯಜಮಾನರು "ಛೇ, ನಾನಲ್ಲ ಕಣ್ರೀ!" ಎಂದು ಗಾಬರಿಯಿಂದ ಕೈಯಾಡಿಸಿದರು. ಮುಗಿಯಿತು. ವೃತ್ತಕ್ಕೆ ವೃತ್ತವೇ ಕುಸಿದು ಹುಲ್ಲಿನ ಮೇಲೆ ಕೂತಿತು. ಕಣ್ಣಲ್ಲಿ ನೀರು, ಪಕ್ಕೆ ಹಿಡಿದುಕೊಂಡು ಒದ್ದಾಟ.

ಮಾಸ್ಟರಿಗೆ ಅವಮಾನವಾಯಿತೇನೋ ಎಂದು ನಾನು ಹೆದರಿದೆ. ಅವರು ಟ್ರಂಪೆಟ್ ಇಳಿಸಿ, ಕ್ಲಬ್ಬಿನವರಿಗೆ ತಲೆಬಾಗಿ ನಮಸ್ಕಾರ ಮಾಡಿ, ಮತ್ತೆ ಅದೇ ಸ್ವರಕ್ಕೆ ಉಸಿರೆಳೆದುಕೊಂಡರು. ನನ್ನ ಕಣ್ಣಿಗೆ ಅವತ್ತು ಅವರು ಎಲ್ಲ ದಿನಗಳಿಗಿಂತ ದೊಡ್ಡವರಾಗಿ ಕಂಡರು.

ಕ್ಲಬ್ಬಿನ ಅಧ್ಯಕ್ಷರು ಎದ್ದು ಧೂಳು ಕೊಡವಿಕೊಂಡು ಬಂದು ಕೈಮುಗಿದರು. "ನಮ್ಮ ಕ್ಲಬ್ಬಿನವರು ನಿಜವಾಗ್ಲೂ ನಕ್ಕಿದ್ದು ಇವತ್ತೇ ಸಾರ್. ದಯವಿಟ್ಟು ನಾಳೆನೂ ಬನ್ನಿ. ಚೆನ್ನಾಗಿ ಮಾತ್ರ ಊದಬೇಡಿ."

ಆ ಮಾತು ಮಾಸ್ಟರು ನಡೆಸಿಕೊಡಲಿಲ್ಲ. ಸೀಸನ್ ಕೊನೆಗೆ ಬರುವಷ್ಟರಲ್ಲಿ ಅವರು ಎಷ್ಟು ಚೆನ್ನಾಗಿ ಊದತೊಡಗಿದರೆಂದರೆ, ವಾಕಿಂಗಿನವರು ನಿಂತು ಕೇಳುತ್ತಿದ್ದರು. ತುಟಿಗೆ ಒತ್ತದೆ ಊದುವುದನ್ನು ಕಲಿತಿದ್ದರಿಂದ ಆಯಾಸವೂ ಕಡಿಮೆ. ಮೇಲಿನ ಸ್ವರಗಳೆಲ್ಲ ವಾಪಸ್ ಬಂದಿದ್ದವು.

ಬೀಗರು ಕಾಣೆಯಾದದ್ದು

ಮಗಳ ಮದುವೆ ಬಂತು. ತಣಿಸಂದ್ರದಲ್ಲಿ ಛತ್ರ. ಹಿಂದಿನ ಸಂಜೆ ವರಪೂಜೆಗೆ ಗಂಡಿನವರು ಗಣಪತಿ ದೇವಸ್ಥಾನದಿಂದ ಮೆರವಣಿಗೆಯಲ್ಲಿ ಛತ್ರಕ್ಕೆ ಬರಬೇಕು, ಹೆಣ್ಣಿನ ತಂದೆ ಬಾಗಿಲಲ್ಲಿ ನಿಂತು ಅಳಿಯನ ಕಾಲು ತೊಳೆದು ಒಳಗೆ ಕರೆಯಬೇಕು. ಈ ಸಣ್ಣ ವಿಷಯ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ನಾವು ಮದುವೆಗಳನ್ನು ಯಾವಾಗಲೂ ಬಾಗಿಲಿನ ಹೊರಗಿನಿಂದ ನೋಡಿದವರು. ನೆನಪಿಸಿದ್ದು ಮಾಸ್ಟರ ಹೆಂಡತಿ. ನಾವೆಲ್ಲ ಅವರನ್ನು ಅಕ್ಕ ಅನ್ನುತ್ತೇವೆ.

"ಹೆಣ್ಣಿನ ಅಪ್ಪ ಗಂಡಿನ ಕಡೆ ಮೆರವಣಿಗೇಲಿ ಊದ್ಕೊಂಡು ಬಂದ್ರೆ, ಬಾಗ್ಲಲ್ಲಿ ಕಾಲು ತೊಳೆಯೋರು ಯಾರ್ರೀ? ಡ್ರಮ್ಮಿನವನಾ?"

ಬಿಸಿಬಿಸಿ ಚರ್ಚೆಯಾಗಿ ಒಂದು ಉಪಾಯವಾಯಿತು. ಮಾಸ್ಟರು ಕೋಟಿನ ಕೆಳಗೆ ರೇಷ್ಮೆ ಪಂಚೆ ಉಟ್ಟಿರುವುದು. ಛತ್ರದ ಹಿಂದಿನ ತಿರುವಿನವರೆಗೆ ಊದುವುದು. ಅಲ್ಲಿ ನನಗೆ ಸನ್ನೆ ಮಾಡಿ, ಮೊದಲನೇ ಟ್ರಂಪೆಟ್ ನನಗೆ ಒಪ್ಪಿಸಿ, ಅಡುಗೆಮನೆ ಬಾಗಿಲಿನಿಂದ ಒಳಗೆ ಓಡಿ, ಕೋಟು ಬಿಚ್ಚಿ, ಶಲ್ಯ ಹೊದ್ದು ಮುಂಬಾಗಿಲಿಗೆ ಬರುವುದು. "ಕೊನೇ ತಿರುವಿಂದ ಬಾಗಿಲವರೆಗೆ ಒಂದೇ ಹಾಡು. ಅಷ್ಟು ಮಾಡ್ತೀಯಲ್ಲ ಮಗಾ?" ಎಂದರು. ಅವರ ಮೌತ್‌ಪೀಸು ನನ್ನ ಜೇಬಿನಲ್ಲಿ ಬೆಚ್ಚಗಿತ್ತು. "ನೀವು ಯೋಚ್ನೆ ಮಾಡ್ಬೇಡಿ ಮಾಸ್ಟರ್," ಎಂದೆ.

ಮೆರವಣಿಗೆ ಹೊರಟಿತು. ಆ ಸಂಜೆ ಮಾಸ್ಟರು ಊದಿದ್ದನ್ನು ಏನೆಂದು ಹೇಳಲಿ? ಅಂಗಡಿಯವರು ಕೌಂಟರ್ ಬಿಟ್ಟು ಬಂದರು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬೈಕಿನವರು ಹಾರ್ನ್ ಹೊಡೆಯುವುದನ್ನು ಬಿಟ್ಟರು. ತಂತಿ ಕಟ್ಟಿದ ಹಲ್ಲಿನ ಮೇಲೆ ಎರವಲು ಮೌತ್‌ಪೀಸು ಇಟ್ಟುಕೊಂಡು, ಒಂದು ಸಲವೂ ತುಟಿ ಒರೆಸಿಕೊಳ್ಳದೆ ಊದಿದರು. ಪಕ್ಕದಲ್ಲಿ ನಾನು ಅವರ ಹಳೇ ಮೌತ್‌ಪೀಸಿನಲ್ಲಿ ಸರಿಸಮನಾಗಿ ಊದಲು ಹೋದೆ. ಅವರ ಉಸಿರು ಅದರೊಳಗೆ ಇತ್ತೋ ಏನೋ, ನನಗಂತೂ ಸಿಗಲಿಲ್ಲ. ಮುಖ್ಯರಸ್ತೆ ದಾಟುವ ಮೊದಲೇ ಆ ಚಾಕುವಿನಂಥ ಅಂಚು ನನ್ನ ತುಟಿಯನ್ನು ಕೊಂದುಹಾಕಿತ್ತು.

ಕೊನೇ ತಿರುವು ಬಂತು. ಮಾಸ್ಟರು ಸನ್ನೆ ಮಾಡಿ ಟ್ರಂಪೆಟ್ ಇಳಿಸಿದರು. ನಾನು ಎದೆ ತುಂಬ ಉಸಿರೆಳೆದು ಊದಿದೆ.

ಪುಸ್.

ಇನ್ನೊಮ್ಮೆ ಊದಿದೆ. ಪುಸ್. ಮೆರವಣಿಗೆಯಲ್ಲಿ ಡ್ರಮ್ಮು ಮತ್ತು ಪೈಲ್ವಾನನ ಬಂ ಬಂ ಮಾತ್ರ ಉಳಿಯಿತು. ಅಭ್ಯಾಸಬಲ ನೋಡಿ, ನನಗೆ ಗೊತ್ತಿಲ್ಲದೆಯೇ ಕೆನ್ನೆ ಉಬ್ಬಿ, ಹುಬ್ಬು ಗಂಟಿಕ್ಕಿ, ಬೆರಳು ಆಡತೊಡಗಿತ್ತು. ಅಡುಗೆಮನೆ ಕಡೆ ನಾಲ್ಕು ಹೆಜ್ಜೆ ಓಡಿದ್ದ ಮಾಸ್ಟರು ತಿರುಗಿ ನನ್ನ ನಟನೆ ನೋಡಿದರು. ಆಗಲೇ ಛತ್ರದ ಮಹಡಿಯ ಕಿಟಕಿಯಲ್ಲಿ ಮಗಳು ಕಂಡಳು. ತಲೆ ತುಂಬ ಹೂ ಮುಡಿದು, ಅಪ್ಪನ ಟ್ರಂಪೆಟ್ಟಿಗೆ ಕಿವಿಗೊಟ್ಟು ನಿಂತಿದ್ದಳು. ಮಾಸ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ವಾಪಸ್ ಬಂದು ಸಾಲಿನಲ್ಲಿ ನಿಂತು ಟ್ರಂಪೆಟ್ ಎತ್ತಿಬಿಟ್ಟರು. ಆಮೇಲೆ ಅವರಿಗೆ ಬಾಗಿಲೂ ಇಲ್ಲ, ಕಾಲು ತೊಳೆಯುವುದೂ ಇಲ್ಲ. ಕಿಟಕಿಯೊಂದೇ.

ಹೀಗೆ ನಾವು ಛತ್ರದ ಮುಂಬಾಗಿಲಿಗೆ ಬಂದು ನಿಂತೆವು. ಬಾಗಿಲಲ್ಲಿ ಅಕ್ಕ ಒಬ್ಬರೇ, ತಂಬಿಗೆ, ತಟ್ಟೆ, ಆರತಿ ಎಲ್ಲ ಸಿದ್ಧ, ಗಂಡ ಮಾತ್ರ ಇಲ್ಲ. ಗಂಡಿನ ದೊಡ್ಡಪ್ಪ ಊರಿನಿಂದ ಬಂದಿದ್ದ ಬಿಳಿ ಪೇಟದ ಮನುಷ್ಯ. ಹುಡುಗಿ ನೋಡುವ ಶಾಸ್ತ್ರಕ್ಕೆ ಬಂದವರಲ್ಲ, ಮಾಸ್ಟರ ಮುಖ ಕಂಡವರಲ್ಲ. ಅವರಿಗೆ ಸಿಟ್ಟು ಏರತೊಡಗಿತು.

"ಎಲ್ಲಿ ಬೀಗರು? ಗಂಡು ಬಾಗ್ಲಲ್ಲಿ ನಿಂತೈತೆ, ಎಣ್ಣಿನ ಅಪ್ಪ ನಾಪತ್ತೆ! ಇಂಗಾ ಮರ್ವಾದೆ ಕೊಡೋದು?"

ಯಾರೋ ಮಾಸ್ಟರಿಗೆ ಫೋನ್ ಮಾಡಿದರು. ಫೋನು ಕೆಂಪು ಕೋಟಿನೊಳಗೆ ನಡುಗುತ್ತಿರಬೇಕು. ಮಾಸ್ಟರು ಕಣ್ಣು ಮುಚ್ಚಿಕೊಂಡು ಮೇಲಿನ ಸ್ವರದಲ್ಲಿದ್ದರು. ಅಕ್ಕನ ಕಣ್ಣು ಬ್ಯಾಂಡಿನ ಸಾಲಿನ ಮೇಲೆ ಬಿತ್ತು. ಅವರು ತಟ್ಟೆ ಹಿಡಿದೇ ಹಲ್ಲು ಕಡಿದರು. ಹೇಳುವುದಾದರೂ ಹೇಗೆ?

ದೊಡ್ಡಪ್ಪನವರು ಸೀದಾ ನಮ್ಮ ಹತ್ತಿರ ಬಂದು, ಮಾಸ್ಟರ ಭುಜ ಹಿಡಿದು ಅಲ್ಲಾಡಿಸಿದರು. "ಏ ಬ್ಯಾಂಡಪ್ಪ! ಒಸಿ ನಿಲ್ಸು! ಚೆನ್ನಾಗೇ ಊದ್ತೀಯ, ಆದ್ರೆ ಎಣ್ಣಿನ ಅಪ್ಪನ್ನ ಉಡುಕ್ಬೇಕು. ನೀನೇನಾದ್ರೂ ನೋಡಿದ್ಯಾ?"

ಮಾಸ್ಟರು ಕಣ್ಣು ಬಿಟ್ಟರು. ಟ್ರಂಪೆಟ್ ಇಳಿಸಿದರು. ಟೋಪಿ ತೆಗೆದು ನನ್ನ ತಲೆಗೆ ಹಾಕಿದರು. ಕೋಟಿನ ಕೊಕ್ಕೆ ಬಿಚ್ಚಿ, ರೇಷ್ಮೆ ಪಂಚೆ ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿದರು.

"ಬನ್ನಿ ಬೀಗರೆ, ಬನ್ನಿ. ನಿಮ್ಮನ್ನ ದೇವಸ್ಥಾನದಿಂದಾನೇ ಕರ್ಕೊಂಡು ಬರ್ತಾ ಇದೀನಿ."

ಜೀಪಿನ ಮೇಲಿದ್ದ ಗಂಡು ಮೊದಲು ನಕ್ಕ. ದೊಡ್ಡಪ್ಪನವರ ಪೇಟ ಜಾರಿತು. "ನನ್ ಜೀವ್ಮಾನದಾಗೆ ಇಂಥ ಎದುರುಗೊಳ್ಳೋದು ನೋಡ್ಲಿಲ್ಲ ಕಣಪ್ಪೋ! ಬಾಗ್ಲಲ್ಲಿ ನಿಂತು ಎಲ್ರೂ ಕರೀತಾರೆ, ದಾರಿಯುದ್ದಕ್ಕೂ ಊದಿ ಕರ್ದೋರು ಯಾರವ್ರೆ?" ಎಂದು ಮಾಸ್ಟರನ್ನು ತಬ್ಬಿಕೊಂಡರು. ಮಾಸ್ಟರು ಅಳಿಯನ ಕಾಲು ತೊಳೆದರು. ಮೇಲೆ ಕಿಟಕಿಯಲ್ಲಿ ಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ, ನನಗೆ ಸರಿಯಾಗಿ ಕಾಣಲಿಲ್ಲ. ನನ್ನ ಕಣ್ಣೂ ಮಂಜಾಗಿತ್ತು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಊಟದ ಹೊತ್ತಿಗೂ ದೊಡ್ಡಪ್ಪನವರಿಗೆ ಭುಜ ಹಿಡಿದು ಅಲ್ಲಾಡಿಸಿದ್ದರ ಪಶ್ಚಾತ್ತಾಪ ಉಳಿದುಬಿಟ್ಟಿತ್ತು. ಗಂಡಿನ ಕಡೆಯಿಂದ ತಂದಿದ್ದ ರವೆಉಂಡೆಯೊಂದನ್ನು ತೆಗೆದು, "ಬಾಯಿ ಸಿಹಿ ಮಾಡ್ಕಬೇಕು ಬೀಗರು," ಎಂದು ಪ್ರೀತಿಯಿಂದ ಮಾಸ್ಟರ ಬಾಯಿಗೆ ಇಡಿಯಾಗಿ ತುರುಕಿದರು. ಆ ರವೆಉಂಡೆ ಯಾವ ಪಾಕದ್ದೋ, ಕಲ್ಲು ಕಲ್ಲು. ಮಾಸ್ಟರು ಕಚ್ಚಿದರು. ಕಟ್ ಎಂಬ ಸದ್ದು ನನಗೂ ಕೇಳಿಸಿತು. ಅಷ್ಟು ದೂರ ಊದಿದರೂ ಬೀಳದ ಹಲ್ಲು, ತಂತಿ ಸಮೇತ ರವೆಉಂಡೆಯಲ್ಲಿ ದ್ರಾಕ್ಷಿ ಗೋಡಂಬಿಯ ಪಕ್ಕ ಕೂತಿತ್ತು.

"ಅಯ್ಯಯ್ಯೋ! ಬೀಗರ ಅಲ್ಲು ಉದುರಿಸ್ಬುಟ್ನಲ್ಲಪ್ಪೋ!" ಎಂದು ದೊಡ್ಡಪ್ಪನವರು ತಲೆ ಮೇಲೆ ಕೈ ಹೊತ್ತು ಕೂತರು. ಮದುವೆಗೆ ಬಂದಿದ್ದ ಹಲ್ಲಿನ ಡಾಕ್ಟರಮ್ಮ ಊಟದ ಎಲೆ ಬಿಟ್ಟು ಓಡಿ ಬಂದರು. ಅಕ್ಕ ಸೆರಗಿನಿಂದ ಮಾಸ್ಟರ ಬಾಯಿ ಒರೆಸಿದರು. ಮುಗಿಯಿತು, ಇನ್ನು ಮೊದಲನೇ ಟ್ರಂಪೆಟ್ ನನ್ನ ಪಾಲಿಗೇ ಬಂತಲ್ಲಪ್ಪ ಎಂದುಕೊಂಡೆ.

ಮಾಸ್ಟರು ಮಾತ್ರ ಹಲ್ಲನ್ನು ಅಂಗೈ ಮೇಲಿಟ್ಟುಕೊಂಡು ನೋಡಿ ನಕ್ಕರು, ನಡುವೆ ಕಿಂಡಿ ಬಿದ್ದ ನಗು. ಮಾತಿನಂತೆ ಅದನ್ನು ಡಾಕ್ಟರಮ್ಮನ ಕೈಗೆ ಒಪ್ಪಿಸಿ ಕೇಳಿದರು:

"ಹೊಸದು ಯಾವಾಗ ಕಟ್ಟಿಕೊಡ್ತೀರ ತಾಯಿ? ಚಿಕ್ಕವಳಿಗೂ ಗಂಡು ನೋಡ್ತಾ ಇದೀವಿ. ಈ ನನ್ಮಗನ್ನ ನಂಬ್ಕೊಂಡ್ರೆ ಅವಳು ಡ್ರಮ್ಮಲ್ಲೇ ಮದ್ವೆ ಆಗ್ಬೇಕಾಗುತ್ತೆ."